ಬಲಗಾಲಿನ ನಿವೃತ್ತಿ

ನನ್ನ ಗಂಡ ಜವರಯ್ಯ ಫುಟ್‌ಬಾಲಿನಿಂದ ನಿವೃತ್ತನಾದ. ಅವನ ಬಲಗಾಲು ಆಗಲಿಲ್ಲ. ಇದು ಗೊತ್ತಾದದ್ದು ಬೀಳ್ಕೊಡುಗೆಯ ಸಭೆಯಲ್ಲೇ. ಮಿಲ್ಲಿನ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮಿಲ್ಲಿನ ಧಣಿಗಳು ಕುರ್ಚಿ ಬಿಟ್ಟೇಳುವವರಲ್ಲ, ಕೂತೇ ಶಾಲು ಹೊದಿಸಿದರು, ಕೂತೇ ಹಾರ ಹಾಕಿದರು. ಅದಕ್ಕಾಗಿ ನನ್ನ ಗಂಡ ಮೊಣಕಾಲೂರಬೇಕಾಯಿತು. ಆಮೇಲೆ ಹಣ್ಣಿನ ತಟ್ಟೆ ಬಂತು. ತುದಿಯಲ್ಲಿದ್ದ ಮೂಸಂಬಿಯೊಂದು ಉರುಳಿ ಕೆಳಗೆ ಬಿತ್ತು. ಬಲಗಾಲು ತಾನಾಗಿ ಮೇಲೆದ್ದಿತು. ಮೂಸಂಬಿ ಧಣಿಗಳ ಕಿವಿಯ ಪಕ್ಕದಲ್ಲಿ ಹಾಯ್ದು, ಶಾಮಿಯಾನದ ಕಂಬ ತಪ್ಪಿಸಿಕೊಂಡು, ಮ್ಯಾನೇಜರರ ಹೆಂಡತಿಯ ಮಡಿಲಿಗೆ ಹೋಗಿ ಕೂತಿತು. ಜನ ಚಪ್ಪಾಳೆ ತಟ್ಟಿದರು. ನನ್ನ ಗಂಡ ಮಾತ್ರ ತನ್ನ ಕಾಲನ್ನು ಪಕ್ಕದ ಮನೆಯವರ ನಾಯಿಯನ್ನು ನೋಡುವ ಹಾಗೆ ನೋಡಿದ.

"ನಾನಲ್ಲ ಕಣಮ್ಮಿ," ಎಂದ ನನ್ನ ಕಿವಿಯಲ್ಲಿ.

"ನೀನಲ್ಲ ಅಂತ ನಂಗೊತ್ತು. ಧಣಿ ಕಡೀಕೆ ಒದೆಯೋ ಧೈರ್ಯ ನಿಂಗೆಲ್ಲೈತೆ," ಎಂದೆ.

ನಮ್ಮೂರಲ್ಲಿ ಕೆಲಸ ಬಿಟ್ಟ ಮಾತ್ರಕ್ಕೆ ಕೆಲಸ ಬಿಡುವುದಿಲ್ಲ. ದುಡಿಯುವಾಗ ಯಾರಿಗೆ ಏನು ಕೊಟ್ಟಿದ್ದೆವೋ ಅದನ್ನು ಅವರ ಕೈಯಿಂದಲೇ ವಾಪಸು ತಿನ್ನಬೇಕು. ಅಲ್ಲಿಯವರೆಗೆ ದುಡಿದ ಅಂಗ ಸುಮ್ಮನಾಗದು. ಇದಕ್ಕೆ ನಾವು ತಿರುಗಿಸೋದು ಎನ್ನುತ್ತೇವೆ. ಲೆಕ್ಕದ ಮೇಷ್ಟ್ರು ನಿವೃತ್ತರಾದಾಗ ಅವರ ಹಳೇ ಶಿಷ್ಯರು ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಬಂದು, ಸಾಲಾಗಿ ನಿಂತು, ಒಬ್ಬೊಬ್ಬರೂ ಅವರ ಕಿವಿ ಹಿಂಡಿ, ಆಮೇಲೆ ಕಾಲಿಗೆ ಬಿದ್ದು ಹೋದರು. ಕೊನೆಯವನು ಹಿಂಡಿದ ಮೇಲೆಯೇ ಮೇಷ್ಟ್ರ ಹೆಬ್ಬೆರಳು, ತೋರುಬೆರಳು ಒಂದನ್ನೊಂದು ಬಿಟ್ಟದ್ದು. ಸೂಲಗಿತ್ತಿ ಮುದುಕಿಗೆ ಅರ್ಧ ಊರೇ ಬಂದು ಬೆನ್ನ ಮೇಲೆ ಒಂದೊಂದು ಮೆತ್ತಗೆ ತಟ್ಟಿತು. ಅವಳು ಅತ್ತಳು, ಅಳದಿದ್ದರೆ ಇನ್ನೊಂದು ತಟ್ಟಬೇಕಾಗಿತ್ತು. ಯಾರು ಯಾರಿಗೆ ಏನು ಕೊಟ್ಟರೆಂದು ನಮ್ಮೂರಲ್ಲಿ ಯಾರೂ ಬರೆದಿಡುವುದಿಲ್ಲ. ಕೊಟ್ಟವನು ಮರೆಯುತ್ತಾನೆ, ತಿಂದವನು ಮರೆಯುವುದಿಲ್ಲ, ಅಷ್ಟು ಸಾಕು.

ಹೀಗಾಗಿ ನಮ್ಮೂರಲ್ಲಿ ನಿವೃತ್ತರಾಗುವವರು ಬಡವರು ಮಾತ್ರ. ದೊಡ್ಡವರು ನಿವೃತ್ತರಾಗುವುದಿಲ್ಲ, ಸಾಯುತ್ತಾರೆ. ಅವರಿಗೆ ಅದೇ ಅಗ್ಗ. ನಮ್ಮ ಧಣಿಗಳಿಗೆ ಕಣ್ಣು ಮಂಜಾಗಿ, ಕಿವಿ ಮಂದವಾಗಿ, ಹಲ್ಲೆಲ್ಲ ಹೋಗಿದ್ದರೂ ಕುರ್ಚಿ ಮಾತ್ರ ಹೋಗಿಲ್ಲ. ಉಣ್ಣುವುದು ಕುರ್ಚಿಯಲ್ಲಿ, ಮಲಗುವುದು ಕುರ್ಚಿಯಲ್ಲಿ, ಮದುವೆ ಮುಂಜಿಗೆ ಕುರ್ಚಿ ಸಮೇತ ಹೊತ್ತು ತರುತ್ತಾರೆ. ಎದ್ದು ನಿಂತರೆ ಎಲ್ಲಿ ನಿವೃತ್ತಿಯಾಗಿಬಿಡುತ್ತದೋ ಎಂಬ ಭಯ. ಮಿಲ್ಲು ಕೂಲಿಕಾರರೆಲ್ಲ ತಿರುಗಿಸಲು ಸಾಲು ನಿಂತರೆ ಆ ಸಾಲು ಎಲ್ಲಿಗೆ ಮುಟ್ಟೀತೆಂದು ಅವರಿಗೆ ಗೊತ್ತು.

ನನ್ನ ಗಂಡನನ್ನು ಫುಟ್‌ಬಾಲಿಗೆ ಹಚ್ಚಿದ್ದು ಈ ಮಿಲ್ಲೇ. ಅವನು ಹತ್ತಿಯ ಬೇಲು ಹೊರುವ ಕೂಲಿ. ಒಂದು ದಿನ ಕಾಲಿಗೆ ಅಡ್ಡ ಬಂದ ನೂಲಿನ ಉರುಳೆಯೊಂದನ್ನು ಬೇಸರದಿಂದ ಒದ್ದ. ಅದು ಕಿಟಕಿ ದಾಟಿ, ಅಂಗಳ ದಾಟಿ, ಗೋಪುರದ ಮೇಲಿದ್ದ ಸೈರನ್ನಿನ ಬಾಯಿಗೆ ಹೋಗಿ ಸಿಕ್ಕಿಕೊಂಡಿತು. ಅವತ್ತು ಸೈರನ್ ಕೂಗಲಿಲ್ಲ. ಪಾಳಿ ಶುರುವಾಯಿತೋ ಮುಗಿಯಿತೋ ತಿಳಿಯದೆ ಜನ ಬಾಗಿಲಲ್ಲೇ ಕೂತು ಎಲೆಅಡಿಕೆ ಹಾಕಿದರು. ಕೆಲಸದಿಂದ ತೆಗೆಯುತ್ತಾರೆಂದು ಇವನು ಅಳುತ್ತಾ ಕೂತಿದ್ದರೆ, ಧಣಿಗಳು ಕುರ್ಚಿ ಸಮೇತ ಬಂದು ಆ ಕಾಲನ್ನು ಎತ್ತಿಸಿ ನೋಡಿ, "ಇದನ್ನ ತಂಡಕ್ಕೆ ಹಾಕ್ಕೊಳ್ಳಿ," ಎಂದರಂತೆ. ಇವನನ್ನ ಎನ್ನಲಿಲ್ಲ, ಇದನ್ನ ಎಂದರು. ಅಂದಿನಿಂದ ನನ್ನ ಗಂಡ ಮಿಲ್ಲಿನ ತಂಡದ ಸ್ಟ್ರೈಕರ್. ಬೇಲು ಹೊರುವ ಕೂಲಿಯೇ ಒದೆಯುವುದಕ್ಕೂ ಕೂಲಿ. ಬೂಟು ಮಿಲ್ಲಿನದು. ಆಟ ಮುಗಿದ ಮೇಲೆ ಬಿಚ್ಚಿ, ಒರೆಸಿ, ಕೊಟ್ಟು, ಬರಿಗಾಲಲ್ಲಿ ಮನೆಗೆ ಬರಬೇಕು.

ಆದರೂ ಆಟ ಆಟವೇ. ಓಡುವಾಗ ಅವನು ಬಸ್ಸು ತಪ್ಪಿಸಿಕೊಂಡವನ ಹಾಗೆ ಕಾಣುತ್ತಿದ್ದ, ಒದೆಯುವಾಗ ಬಸ್ಸನ್ನೇ ಒದೆಯುವವನ ಹಾಗೆ. ಸಿಡಿಲು ಜವರ ಎಂದು ಹೆಸರಾಯಿತು. ಊರೂರಿನ ಕಪ್ಪುಗಳು ಧಣಿಗಳ ಬಂಗಲೆಯ ಗಾಜಿನ ಬೀರುವಿಗೆ ಬಂದು ಕೂತವು. ಕೊನೆಗೆ ಮೂರು ದಾರಿ ಕೂಡುವಲ್ಲಿ, ಕಾಲೆತ್ತಿ ನಿಂತ ಪ್ರತಿಮೆಯನ್ನೂ ನಿಲ್ಲಿಸಿದರು. ಶಿಲ್ಪಿ ಕಾಲಿನ ಅಳತೆಗೆ ಎರಡು ಸಲ ನಮ್ಮ ಮನೆಗೆ ಬಂದಿದ್ದ. ಮುಖದ ಅಳತೆಗೆ ಬಂಗಲೆಗೆ ಹೋದ. ಹಾಗಾಗಿ ಪ್ರತಿಮೆಗೆ ನನ್ನ ಗಂಡನ ಕಾಲು, ಧಣಿಗಳ ಮುಖ. ನಮ್ಮ ಕೇರಿಯ ಓದುಬಳಗದಲ್ಲಿ ನಾವು ಹೆಂಗಸರು ದೇಶ ಎಂದರೇನು ಎಂದು ವಾರಗಟ್ಟಲೆ ಚರ್ಚೆ ಮಾಡಿದ್ದೇವೆ. ನಾನು ಎದ್ದು, "ಆ ಪ್ರತಿಮೆ ನೋಡ್ಕೊಂಡು ಬನ್ನಿ," ಎಂದ ದಿನ ಚರ್ಚೆ ಬೇಗ ಮುಗಿಯಿತು.

ಪ್ರತಿಮೆ ನಿಂತದ್ದು ನಲ್ಲಿ ಕಪ್ಪಿನ ಗೋಲಿಗಾಗಿ. ಆ ವರ್ಷ ನದಿಯಿಂದ ಊರಿಗೆ ಒಂದು ಕೊಳವೆ ಬಂತು. ಒಂದೇ ಬೀದಿಗಾಗುವಷ್ಟು ನೀರು. ಯಾವ ಬೀದಿಗೆ ಎಂದು ಜಗಳ ಹತ್ತಿದಾಗ ಧಣಿಗಳು, "ಫೈನಲ್ ಗೆದ್ದೋರ ಬೀದಿಗೆ," ಎಂದರು. ಒಂದು ಕಡೆ ಮಿಲ್ಲು, ಇನ್ನೊಂದು ಕಡೆ ಮಡಿವಾಳರ ಬೀದಿ. ನೀರೇ ಬದುಕಾದ ಜನ. ಅವರ ಗೋಲ್‌ಕೀಪರ್ ಚೌಡಶೆಟ್ಟಿ, ಒದ್ದೆ ಜಮಖಾನವನ್ನು ಒಂದೇ ಕೈಯಲ್ಲಿ ಎತ್ತಿ ಕಲ್ಲಿಗೆ ಬಡಿಯುವ ಆಳು. ಆಟ ಮುಗಿಯುವ ಹೊತ್ತಿಗೆ ನನ್ನ ಗಂಡ ಒದ್ದ ಚೆಂಡಿನ ಮೇಲೆ ಚೌಡಶೆಟ್ಟಿ ಮಗುಚಿ ಬಿದ್ದ. ಚೆಂಡು ಗೆರೆಯ ಮೇಲೋ ಗೆರೆಯಾಚೆಯೋ ಎಂದು ಜನ ಕಣ್ಣರಳಿಸುವಷ್ಟರಲ್ಲಿ ರೆಫರಿ ಪದ್ಮನಾಭಯ್ಯ ಸೀಟಿ ಊದಿ ಗೋಲು ಎಂದುಬಿಟ್ಟರು. ಪದ್ಮನಾಭಯ್ಯ ಮಿಲ್ಲಿನ ಶಾಲೆಯ ಹೆಡ್‌ಮೇಷ್ಟ್ರು, ಧಣಿಗಳ ಔಟ್‌ಹೌಸಿನಲ್ಲಿ ಬಾಡಿಗೆಯಿಲ್ಲದೆ ಇದ್ದವರು. ನಲ್ಲಿ ಗೆದ್ದವರ ಬೀದಿಗೆ ಬಂತು, ಅಂದರೆ ಧಣಿಗಳ ಬೀದಿಗೆ, ಅಂದರೆ ಧಣಿಗಳ ಗೇಟಿನೊಳಗೆ, ಅಂದರೆ ಗುಲಾಬಿ ತೋಟಕ್ಕೆ. ಮಡಿವಾಳರು ಕೆರೆಗೆ ನಡೆಯುವುದು ತಪ್ಪಲಿಲ್ಲ. ಗೋಲು ಹೊಡೆದವನ ಹೆಂಡತಿ ನಾನೂ ಅವರ ಹಿಂದೆಯೇ ಕೊಡ ಹೊತ್ತು ನಡೆದೆ.

ಪದ್ಮನಾಭಯ್ಯ ಸೀಟಿ ಕೆಳಗಿಟ್ಟು ಎಷ್ಟೋ ವರ್ಷವಾಯಿತು. ಸೀಟಿ ಅವರ ಬಾಯಿಂದ ಹೋಗಿಲ್ಲ. ಏನು ಮಾತಾಡಲು ಹೋದರೂ ತುಟಿಯಿಂದ ಪೀ ಎನ್ನುತ್ತದೆ. ಕಟ್ಟಿಸಿದ ಹಲ್ಲು ಸಡಿಲ ಎಂದು ಅವರ ವಾದ. ಹೋಟೆಲಿನಲ್ಲಿ ಕಾಫಿ ಎಂದರೆ ಬೀದಿ ನಾಯಿಗಳೆಲ್ಲ ಓಡಿ ಬರುತ್ತವೆ. ಹಾಗಾಗಿ ಅವರು ಬೆರಳು ತೋರಿಸಿ ಬದುಕುತ್ತಿದ್ದರು.

ಇಂಥ ಊರಿನಲ್ಲಿ ನನ್ನ ಗಂಡನಿಗೆ ತಿರುಗಿಸಲು ಗೋಲ್‌ಕೀಪರುಗಳು ಬರತೊಡಗಿದರು. ಭಾನುವಾರ ಬಂತೆಂದರೆ ಮೈದಾನದಲ್ಲಿ ಬುತ್ತಿ ಬಿಚ್ಚಿಕೊಂಡು ಮೂರು ಸಂಸಾರ ಕೂತಿರುತ್ತಿದ್ದವು. ಇವನು ಗೋಲಿನ ಕಂಬಗಳ ನಡುವೆ ನಿಲ್ಲಬೇಕು, ಮನಸಾರೆ ಎಗರಬೇಕು, ಆದರೂ ಚೆಂಡು ಒಳಗೆ ಹೋಗಬೇಕು. ಒಬ್ಬ ತಾತ ಊರುಗೋಲು ಹಿಡಿದು ಒದ್ದ ಚೆಂಡು ಗೋಲು ಮುಟ್ಟುವಷ್ಟರಲ್ಲಿ ಇವನು ಎಗರಿ, ಬಿದ್ದು, ಎದ್ದು, ಮಣ್ಣು ಕೊಡವಿಕೊಂಡು, ಮತ್ತೆ ಎಗರಬೇಕಾಯಿತು. ಇವನ ತಲೆಯಿಂದ ಗೋಲು ಹೊಡೆಸಿಕೊಂಡಿದ್ದ ಇನ್ನೊಬ್ಬ ತಾನೂ ತಲೆಯಿಂದಲೇ ಹೊಡೆಯುತ್ತೇನೆಂದು ಹಟ ಹಿಡಿದು, ಚೆಂಡಿಗೆ ತಲೆ ಸಿಗದೆ, ಮಧ್ಯಾಹ್ನವೆಲ್ಲ ಮೈದಾನದಲ್ಲಿ ನಮಸ್ಕಾರ ಹಾಕಿದ. ತೀರಿಕೊಂಡ ಗೋಲ್‌ಕೀಪರೊಬ್ಬನ ಪರವಾಗಿ ಅವನ ಹೆಂಡತಿ ಬಂದಳು. ಸೆರಗು ಸಿಕ್ಕಿಸಿ ಆಕೆ ಒದ್ದದ್ದನ್ನು ಇವನು ನಿಜವಾಗಿ ಹಿಡಿಯಲು ಹೋದರೂ ಹಿಡಿಯಲಾಗಲಿಲ್ಲ. "ಮನೇಲಿ ಆಯಪ್ಪ ದಿನಾ ನಿಮ್ಮ ಹೆಸರು ಹೇಳಿ ನನ್ನ ಮೇಲೆ ರೇಗೋನು," ಎಂದು ಹೇಳಿ ಆಕೆ ಇನ್ನೊಂದನ್ನು ಬಡ್ಡಿಯಾಗಿ ಒದ್ದು ಹೋದಳು. ನಮ್ಮ ಕೇರಿಯ ದರ್ಜಿಯೂ, ಹುಟ್ಟಿದಂದಿನಿಂದ ಚೆಂಡು ಮುಟ್ಟದವನು, ನೀನು ನನಗೂ ಒಂದು ಗೋಲು ಹೊಡೆದಿದ್ದೀಯ ಎಂದು ಬಂದು ಸಾಲಿನಲ್ಲಿ ನಿಂತಿದ್ದ. ಅವನು ಒದ್ದಾಗ ಮಾತ್ರ ಕಾಲಿಗೆ ಏನೂ ಆಗಲಿಲ್ಲ.

ಮಿಕ್ಕವರು ಒದ್ದ ಹಾಗೆಲ್ಲ ಕಾಲು ತಣ್ಣಗಾಗುತ್ತ ಬಂತು. ಮನೆಯಲ್ಲಿ ಗುಂಡಗಿದ್ದದ್ದನ್ನೆಲ್ಲ ಒದೆಯುತ್ತಿದ್ದದ್ದು, ಮೊದಲು ನಿಂಬೆಹಣ್ಣನ್ನು ಬಿಟ್ಟಿತು. ಆಮೇಲೆ ಈರುಳ್ಳಿ, ಆಮೇಲೆ ತೆಂಗಿನಕಾಯಿ. ನಿದ್ದೆಯಲ್ಲಿ ಆ ಕಾಲು ಒದ್ದು ಕಪ್ಪಾಗಿದ್ದ ನನ್ನ ಕಣಕಾಲು ಮಾಯಿತು, ನಾವು ಮತ್ತೆ ಒಂದೇ ಚಾಪೆಗೆ ಬಂದೆವು. ಕೊನೆಗೆ ಸರಿಯಾಗಿ ಚೆಂಡಿನಷ್ಟಿರುವುದಕ್ಕೆ ಮಾತ್ರ ಕಾಲು ಏಳುತ್ತಿತ್ತು: ಕುಂಬಳಕಾಯಿ, ಸಣ್ಣ ಕೊಡ, ಕಲ್ಲಂಗಡಿ. ಒಂದೇ ಒಂದು ಗೋಲು ತಿರುಗಲು ಬಾಕಿಯಿದೆ ಎಂದು ನಮಗೆ ಗೊತ್ತಾಯಿತು. ಯಾವುದೆಂದೂ ಗೊತ್ತಿತ್ತು. ಅದೇ ಹೊತ್ತಿಗೆ ಮಗಳು ಮಂಗಳ ಬಾಣಂತನಕ್ಕೆ ಬಂದು ಹೆಣ್ಣು ಹೆತ್ತಳು. ಗುಂಡುಗುಂಡಾದ ಕೂಸು. ತಲೆಯಂತೂ ಇನ್ನೂ ಗುಂಡು.

ಇವನು ಕೈಕಾಲು ತೊಳೆದು ಕೂಸು ನೋಡಲು ಬಂದ. ಮಂಗಳ ಕೂಸನ್ನು ಚಾಪೆಯ ಮೇಲೆ ಇಟ್ಟಳು. ಬಲಗಾಲಿನ ಹೆಬ್ಬೆರಳು ಮಿಸುಕಿತು. ಆಮೇಲೆ ಹಿಮ್ಮಡಿ ನೆಲ ಬಿಟ್ಟಿತು. ಮಂಗಳ ಕೂಸನ್ನು ಬಾಚಿಕೊಂಡಳು.

"ಅಪ್ಪಾ, ಬೇಜಾರು ಮಾಡ್ಕೋಬೇಡ. ನೀನು ಬೇಕಾದ್ರೆ ಒಳಗೆ ಬಾ. ಕಾಲು ಆಚೇಲಿರಲಿ."

ಅವನು ಹಾಗೂ ಮಾಡಿದ. ಹೊಸಿಲ ಮೇಲೆ ಮಲಗಿ, ತಲೆ ಒಳಗೆ, ಕಾಲು ಹೊರಗೆ ಮಾಡಿ, ದೂರದಿಂದ ಕೂಸು ನೋಡಿದ. ದಾರಿಹೋಕರು ಕಾಲು ನೋಡಿ ಕೈಮುಗಿದು ಹೋದರು.

ಮರುದಿನ ನಾನು ಅವನನ್ನು ಎಳೆದುಕೊಂಡು ಕೆರೆಗೆ ಹೋದೆ. ಚೌಡಶೆಟ್ಟಿ ಕಲ್ಲಿನ ಮುಂದೆ ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದ. ಈಗ ಬಗ್ಗಿದರೆ ಏಳುವುದು ಕಷ್ಟ, ಎದ್ದರೆ ಬಗ್ಗುವುದು ಕಷ್ಟ.

"ಚೌಡಣ್ಣ, ಒಂದು ಒದ್ದುಬಿಡಣ್ಣ, ನಿನ್ನ ದಮ್ಮಯ್ಯ," ಎಂದೆ.

"ಯಾವ್ದನ್ನ ಒದೀಲಿ ತಾಯಿ? ಒಳಕ್ಕೆ ಹೋದದ್ದನ್ನ ತಿರುಗಿಸ್ಬೋದು. ಹೋಗದೇ ಇದ್ದದ್ದನ್ನ ಹೆಂಗೆ ತಿರುಗಿಸ್ಲಿ?"

"ಹೋಗಿತ್ತು ಕಣಣ್ಣ," ಎಂದ ನನ್ನ ಗಂಡ, ನೀರು ನೋಡುತ್ತ. "ರೆಫ್ರಿ ಸೀಟಿ ಊದಿದ್ರಲ್ಲ."

"ಸೀಟಿ ಒಳಕ್ಕೆ ಹೋಗಿತ್ತು ಜವರ. ಚೆಂಡು ನನ್ನ ಎದೆ ಕೆಳಗಿತ್ತು." ಚೌಡಶೆಟ್ಟಿ ಒದ್ದೆ ಅಂಗಿಯೊಂದನ್ನು ಹಿಂಡಿದ. "ನನಗೇನು ನಿನ್ನ ಕಾಲಿನ ಮೇಲೆ ಹಗೆಯಾ? ಇವತ್ತು ನಾನು ತಿರುಗಿಸಿದ್ರೆ, ಗೋಲು ಆಗಿತ್ತು ಅಂತ ನಾನೇ ಒಪ್ಪಿದಂಗೆ. ನಾಳೆ ನನ್ನ ಮೊಮ್ಮಕ್ಕಳು, ತಾತ ಬಿಟ್ಟ, ಅದಕ್ಕೇ ನಾವು ಕೆರೆಗೆ ನಡೀತೀವಿ ಅಂತಾರೆ. ನಾನು ಬಿಟ್ಟಿಲ್ಲ ಕಣಪ್ಪ. ಬೇಕಾದ್ರೆ ನಿನ್ನ ಕಾಲಿಗೆ ದಿನಾ ಎಣ್ಣೆ ತಿಕ್ಕಿ ಕೊಡ್ತೀನಿ. ಇದೊಂದು ಕೇಳಬೇಡ."

ವಾಪಸು ಬರುವಾಗ ದಾರಿಯಲ್ಲಿ ನಾನು ಬಿಡಲಿಲ್ಲ.

"ಹೇಳು. ಆಗಿತ್ತಾ, ಇಲ್ವಾ?"

"ಕಪ್ಪು ಕೊಟ್ರಲ್ಲಮ್ಮಿ."

"ಕಪ್ಪು ಧಣಿ ಬೀರಲ್ಲೈತೆ. ನಾನು ಕೇಳಿದ್ದು ಚೆಂಡು."

"ಗೊಂಬೆ ನಿಲ್ಸಿದ್ರಲ್ಲ."

"ಆ ಗೊಂಬೇಲಿ ಮುಖ ಯಾರ್ದು?"

ಅವನು ಪ್ರತಿಮೆಯವರೆಗೆ ನಡೆದ. ಅದರ ಕೆಳಗೆ ನಿಂತು, ಮೇಲೆ ಎತ್ತಿ ನಿಲ್ಲಿಸಿದ್ದ ತನ್ನದೇ ಕಾಲನ್ನು ನೋಡಿದ. "ಮಿಕ್ಕ ಗೋಲೆಲ್ಲ ಊರು ಮರೆತೈತೆ ಕಣಮ್ಮಿ. ಇದೊಂದನ್ನೂ ಅಲ್ಲ ಅಂದ್ರೆ ನಾನ್ಯಾರು? ಬೇಲು ಹೊರೋ ಜವರ ಅಷ್ಟೇ," ಎಂದ. ನನಗೆ ಬೈಗುಳ ಬಾಯಿಗೆ ಬಂದಿತ್ತು, ನುಂಗಿಕೊಂಡೆ. ಮಾಲೀಕರು ಕೂಲಿಯವನ ಕಾಲನ್ನು ಕಿತ್ತುಕೊಂಡರೆ ಅವನು ಜಗಳ ಮಾಡಿಯಾನು. ಅದನ್ನೇ ಎತ್ತರದಲ್ಲಿ ನಿಲ್ಲಿಸಿ ಹಾರ ಹಾಕಿದರೆ ಅವನೇ ಕಾವಲು ಕಾಯುತ್ತಾನೆ.

ನನ್ನ ಮಾತಿಗೆ ಬಗ್ಗದವನನ್ನು ಬಗ್ಗಿಸಿದ್ದು ನಮ್ಮ ಬೀಗ, ಮಂಗಳನ ಮಾವ. ಆತ ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತುತ್ತಿದ್ದವನು. ನಿವೃತ್ತನಾದಾಗ ಊರವರು ತಿರುಗಿಸಿದ ಮುದ್ರೆಗಳ ಗುರುತು ಇನ್ನೂ ಕೆನ್ನೆಯ ಮೇಲೆ ಮಸುಕಾಗಿ ಇತ್ತು. ಕೂಸು ನೋಡಲು ಬಂದವನು ನೇರ ನಡುಮನೆಗೆ ಹೋಗಿ, ಎರಡೂ ಕಾಲು ಚಾಚಿ ಕೂತು, ಮೊಮ್ಮಗಳನ್ನು ಪಾದದ ಮೇಲೆ ಮಲಗಿಸಿಕೊಂಡು ಮೆಲ್ಲಗೆ ತೂಗತೊಡಗಿದ. ಕೂಸು ನಕ್ಕಿತು. ಹೊಸಿಲಲ್ಲಿ ಮಲಗಿದ್ದ ನನ್ನ ಗಂಡ ಇದನ್ನೆಲ್ಲ ಮೊಣಕೈ ಊರಿ ನೋಡಿದ.

"ಬೀಗರೆ, ನಿಮ್ಮ ಕಾಲು ಗಟ್ಟಿಯಿಲ್ಲ, ಜಾರೀತು," ಎಂದ.

"ಗಟ್ಟಿ ಯಾಕ್ ಬೇಕು ಬೀಗರೆ? ಸುಮ್ನಿದ್ರೆ ಸಾಕು," ಎಂದ ಆತ.

ನನ್ನ ಗಂಡ ಎದ್ದು ಅಂಗಳದಲ್ಲಿ ಎರಡು ಸುತ್ತು ಹಾಕಿದ. ಆಮೇಲೆ ನನ್ನನ್ನು ಕರೆದು, "ಚೌಡಣ್ಣನಿಗೆ ಹೇಳಿ ಕಳಿಸಮ್ಮಿ. ಭಾನುವಾರ ಮೈದಾನಕ್ಕೆ ಬರಲಿ," ಎಂದ. "ಒದೆಯೋದೇನೂ ಬೇಡ. ಅವತ್ತು ಬಿದ್ದಂಗೆ ಬಿದ್ರೆ ಸಾಕು."

ಭಾನುವಾರ ಊರೆಲ್ಲ ಬಂತು. ಗೋಲಿನ ಗೆರೆಗೆ ಹೊಸದಾಗಿ ಸುಣ್ಣ ಹಾಕಿದ್ದರು. ಗೆರೆಯ ಮೇಲೆ ಚೆಂಡಿಟ್ಟರು. ಚೌಡಶೆಟ್ಟಿ ಅದರ ಮೇಲೆ ಬೀಳಬೇಕು. ಬೀಳುವುದಕ್ಕೇ ಇಬ್ಬರು ಹಿಡಿದು ಇಳಿಸಬೇಕಾಯಿತು. "ಇನ್ನೊಂಚೂರು ಎಡಕ್ಕೆ," ಎಂದು ಮಲಗಿದಲ್ಲಿಂದಲೇ ಹೇಳಿ ಸರಿಮಾಡಿಕೊಂಡ. ಚೆಂಡು ನೋಡಿದ ಬಲಗಾಲು ಮೇಲೆದ್ದು, ಪ್ರತಿಮೆಯ ಹಾಗೆ ನಡುಗುತ್ತ ನಿಂತಿತು. ನಾನು ಹೋಗಿ ಅವನ ತೋಳು ಹಿಡಿದುಕೊಂಡೆ. ಅಷ್ಟರಲ್ಲಿ ಸುದ್ದಿ ತಿಳಿದ ಧಣಿಗಳ ಕುರ್ಚಿಯೂ ಹೊತ್ತವರ ಹೆಗಲ ಮೇಲೆ ತೂಗಾಡುತ್ತ ಬಂತು. ಹಿಂದೆ ಬಾಯಿಗೆ ಕರವಸ್ತ್ರ ಒತ್ತಿಕೊಂಡ ಪದ್ಮನಾಭಯ್ಯ.

ನನ್ನ ಗಂಡ ಒಂಟಿಗಾಲಲ್ಲಿ ನಿಂತೇ ಹೇಳಿದ: "ಅವತ್ತು ಚೆಂಡು ಗೆರೆ ದಾಟಿರಲಿಲ್ಲ. ನಾನು ಹತ್ತಿರ ಇದ್ದೆ, ನೋಡಿದ್ದೆ. ಅದು ಗೋಲಲ್ಲ."

ಜನ ಗೆರೆಯ ಹತ್ತಿರಕ್ಕೆ ನೂಕಿಕೊಂಡು ಬಂದರು. ಕಾಲು ಮಾತ್ರ ಇಳಿಯಲಿಲ್ಲ.

"ಆಟಗಾರನ ಮಾತು ಯಾವಾಗಿಂದ ಲೆಕ್ಕಕ್ಕೆ ಬಂತು?" ಎಂದರು ಧಣಿಗಳು ಕುರ್ಚಿಯಿಂದ. "ತೀರ್ಪು ರೆಫ್ರಿದು. ಪದ್ಮನಾಭಯ್ಯ, ಹೇಳಯ್ಯ, ಗೋಲು ಅಂತ ಹೇಳು."

ಪದ್ಮನಾಭಯ್ಯ ಕರವಸ್ತ್ರ ತೆಗೆದರು. "ಗೋ..." ಎಂದರು. ಪೀ ಎಂದಿತು. ಗಂಟಲು ಸರಿಮಾಡಿಕೊಂಡು ಮತ್ತೆ ಪ್ರಯತ್ನಿಸಿದರು. ಇನ್ನೂ ಜೋರಾಗಿ ಪೀ ಎಂದಿತು. ರಸ್ತೆಯಲ್ಲಿ ಹೋಗುತ್ತಿದ್ದ ಬಸ್ಸು ನಿಂತಿತು. ಮೂರನೇ ಸಲ ಕಣ್ಣು ಮುಚ್ಚಿ ಎದೆಯ ತುಂಬ ಉಸಿರೆಳೆದರು. ಬಂದ ಸೀಟಿಗೆ ಕೆರೆಯ ಕಡೆಯಿಂದಲೂ ನಾಯಿಗಳು ಬಂದು ಅವರ ಸುತ್ತ ಬಾಲ ಅಲ್ಲಾಡಿಸುತ್ತ ಕೂತವು. ಯಾರೋ ಕಿಸಕ್ಕೆಂದರು. ಪದ್ಮನಾಭಯ್ಯ ನಾಯಿಗಳನ್ನು ನೋಡಿದರು, ಕುರ್ಚಿಯನ್ನು ನೋಡಿದರು, ಗೆರೆಯ ಮೇಲೆ ಕೆನ್ನೆಗೆ ಸುಣ್ಣ ಮೆತ್ತಿಕೊಂಡು ಮಲಗಿದ್ದ ಚೌಡಶೆಟ್ಟಿಯನ್ನು ಬಹಳ ಹೊತ್ತು ನೋಡಿದರು.

"ಗೋಲಲ್ಲ," ಎಂದರು.

ಸೀಟಿ ಬರಲಿಲ್ಲ. ಅವರಿಗೇ ನಂಬಿಕೆಯಾಗಲಿಲ್ಲ. ತುಟಿ ಮುಟ್ಟಿ ನೋಡಿಕೊಂಡರು. "ಕಾಫಿ," ಎಂದರು ಮೆಲ್ಲಗೆ. ಒಂದು ನಾಯಿಯೂ ಕಿವಿ ನಿಮಿರಿಸಲಿಲ್ಲ. "ಕಾಫಿ, ಕಾಫಿ," ಎಂದು ಹೇಳುತ್ತಲೇ ಅವರು ಹೋಟೆಲಿನ ಕಡೆ ನಡೆದುಬಿಟ್ಟರು.

ನನ್ನ ಗಂಡನ ಕಾಲು ಹೊರೆ ಇಳಿಸಿದ ಹಾಗೆ ಕೆಳಗಿಳಿಯಿತು. ಚೆಂಡು ಎದುರಿಗೇ ಇತ್ತು. ಕಾಲು ಅದನ್ನು ಗುರುತೇ ಇಲ್ಲದವರ ಹಾಗೆ ನೋಡಿತು. ಚೌಡಶೆಟ್ಟಿ ನೆಲದಿಂದ, "ಮುಗೀತಾ? ಹಂಗಿದ್ರೆ ನನ್ನ ಎತ್ರಪ್ಪ," ಎಂದ. ಎತ್ತಿ ನಿಲ್ಲಿಸಿದ್ದು ನನ್ನ ಗಂಡ. ಇಬ್ಬರೂ ಒಬ್ಬರ ಮೇಲೊಬ್ಬರು ಒರಗಿಕೊಂಡು ನಿಂತಿದ್ದರಿಂದ ಯಾರು ಯಾರನ್ನು ಎತ್ತಿದರೆಂದು ಹೇಳುವುದು ಕಷ್ಟ.

"ಹಂಗಾದ್ರೆ ಧಣಿ, ನಲ್ಲಿ?" ಎಂದು ನಾನು ಕೇಳಿದೆ.

"ಆಟ ಬೇರೆ, ನಲ್ಲಿ ಬೇರೆ," ಎಂದು ಧಣಿಗಳು ಕುರ್ಚಿ ತಿರುಗಿಸಲು ಹೇಳಿದರು.

ಮಾರನೆಯ ಬೆಳಿಗ್ಗೆ ಮಡಿವಾಳರ ಬೀದಿಯವರೂ ನಮ್ಮ ಕೇರಿಯವರೂ ಖಾಲಿ ಕೊಡ ಹಿಡಿದು ಬಂಗಲೆಯ ಗೇಟಿಗೆ ಹೋದೆವು. ಒಳಗೆ ಗುಲಾಬಿಗಳ ಮೇಲೆ ನೀರು ಬೀಳುವ ಸದ್ದು. ಗೇಟಿಗೆ ಬೀಗ. ನನ್ನ ಗಂಡನೂ ಬಂದಿದ್ದ. ಕೂಸಿಗೆ ಎರೆಯಲು ನೀರು ತರುತ್ತೇನೆಂದು ಹೊರಟವನು ಕೂಸನ್ನೂ ಎತ್ತಿಕೊಂಡೇ ಬಂದಿದ್ದ. ಗೇಟಿನ ಪಕ್ಕದ ಕಲ್ಲುಚಪ್ಪಡಿಯ ಮೇಲೆ ಕಾಲು ಚಾಚಿ ಕೂತು, ಮೊಮ್ಮಗಳನ್ನು ಪಾದದ ಮೇಲೆ ತೂಗುತ್ತಿದ್ದ. ನಾನು ಬೀಗ ನೋಡಿದೆ, ಅವನ ಕಾಲು ನೋಡಿದೆ.

"ಒಂದೇ ಒಂದು ಸಲ," ಎಂದೆ.

"ಇಲ್ಲ ಕಣಮ್ಮಿ. ಇದು ಈಗ ತೊಟ್ಲು," ಎಂದ.

ನಾನು ಕೊಡವನ್ನು ಚೌಡಶೆಟ್ಟಿಯ ಕೈಗೆ ಕೊಟ್ಟು, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು, ನಾಲ್ಕು ಹೆಜ್ಜೆ ಹಿಂದೆ ಹೋಗಿ ಓಡಿ ಬಂದು ಒದ್ದೆ. ಗೇಟು ಗಡಗಡ ಎಂದಿತು. ಒಳಗಿನಿಂದ ಧಣಿಗಳ ದನಿ ಬಂತು: "ಯಾರದು? ಏನು, ತಿರುಗಿಸೋಕೆ ಬಂದ್ರಾ? ನಾನಿನ್ನೂ ನಿವೃತ್ತಿಯಾಗಿಲ್ಲ."

"ಗೊತ್ತು ಧಣಿ. ಇದು ಮುಂಗಡ," ಎಂದು ಕೂಗಿ, ನಾನು ಮತ್ತೆ ನಾಲ್ಕು ಹೆಜ್ಜೆ ಹಿಂದಕ್ಕೆ ಹೋದೆ.